ಹೊಸ್ತಿಲಾಚೆಯ ಕೆಂಪು ಚಪ್ಪಲಿಗಳು

ಮಿತ್ರರೇ, ಗಂಡನ ಹೊಡೆತಕ್ಕೆ ಅಂಜಿ ಮನೆ ಬಿಟ್ಟಿರುವ ಕಮಲಾಪುರದ ನನ್ನ ಹಳೆಯ ಶಿಷ್ಯೆಯೊಬ್ಬಳು, ತನಗೂ ಮಗಳಿಗೂ ಜೀವನಾಂಶ ಕೋರುವ ಅರ್ಜಿ ಬರೆಸಲು ಇಂದು ಗಾಜಿಪುರದ ನಮ್ಮ ಮನೆಗೆ ಬಂದಿದ್ದಳು. ಅರ್ಧ ಬರೆದಿದ್ದೆ, ಗಂಡನು ಬರುತ್ತಿರುವುದು ಕಿಟಕಿಯಲ್ಲಿ ಕಂಡಿತು. ಅವಳು ತನ್ನ ಚಪ್ಪಲಿ ಎತ್ತಿಕೊಂಡು, ಮಗುವಿನೊಡನೆ ಅಡುಗೆಮನೆಯಲ್ಲಿ ಅಡಗಿದಳು. ಮಗುವಿನ ಕೆಂಪು ಚಪ್ಪಲಿಗಳು ಹೊರಗೇ ಉಳಿದುವು.

"ನನ್ನ ಹೇಣ್ತಿ ಇಲ್ಲಿ ಬಂದಾಳೇನ್ರಿ ಸರ್?"

"ಇಲ್ಲ" ಎಂದೆ. ಅವನ ದೃಷ್ಟಿ ಆ ಚಪ್ಪಲಿಗಳ ಮೇಲೆ ನಿಂತಿತು.

"ನಿಮ್ಮ ಮೊಮ್ಮಗಳು ಬಂದಾಳೇನ್ರಿ?" ಎಂದು, ಅವನ್ನು ಕಾಲಿನಿಂದ ಸರಿಸಿ ಹೊರಟುಹೋದನು.

ಅಗಳಿ ಹಾಕಿದೆ. ಒಳಗಿನಿಂದ ಅವಳು ಪಿಸುಗುಟ್ಟಿದಳು: "ಮಗಳಿಗಿ ಒಂದ್ ಜೋಡಿ ಚಪ್ಪಲಿ ಸೈತ ಕೊಡ್ಸಿಲ್ರಿ, ಗುರ್ತು ಹ್ಯಾಂಗ ಹಿಡಿತಾನ್ರಿ? ಇದ್ನೂ ಅರ್ಜಿದಾಗ ಬರೀರಿ."

ಬರೆದೆ. ನನ್ನ ಅಕ್ಷರ ಇಷ್ಟು ಸೊಟ್ಟಗೆ ಎಂದೂ ಬಂದಿರಲಿಲ್ಲ, ಆದರೂ ತಿದ್ದಲಿಲ್ಲ.