ನಬಿಸಾಬ ಮಾಡಿದ ಕೆಮ್ಮಿನ ಡಬ್ಬಿ

ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯಿಂದ ಒಳಗೆ ಹೊರಳುವ ಓಣಿಯೊಂದರಲ್ಲಿ ನಬಿಸಾಬನ ತಗಡಿನ ಅಂಗಡಿ ಇದೆ. ಇಬ್ಬರು ಕೂತರೆ ಮೂರನೆಯವನು ನಿಲ್ಲಬೇಕು, ಅಷ್ಟೇ ಜಾಗ. ಎಣ್ಣೆ ಅಂಗಡಿಗೆ ಲಾಳಿಕೆ, ಬೀಜದ ಅಂಗಡಿಗೆ ಕಾಳು ತುಂಬುವ ಡಬ್ಬಿ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳಿಗೆ ಚೀಲದ ಮೇಲೆ ಹೆಸರು ಬಳಿಯಲು ತಗಡು ಕೊರೆದ ಅಚ್ಚು. ಇದು ಹೊಟ್ಟೆಪಾಡಿನ ಕೆಲಸ. ಹಿಂದಿನ ಗೋಡೆಗೆ ಮಾಸಿದ ಪರದೆಯೊಂದು ತೂಗುತ್ತದೆ. ಅದರ ಹಿಂದೆ ಇನ್ನೊಂದು ಕೆಲಸ ನಡೆಯುತ್ತದೆ. ಜಾದೂ ಆಡುವವರಿಗೆ ಬೇಕಾದ ಸಾಮಾನು ಮಾಡುವ ಕೆಲಸ.

ಅಲ್ಲಿ ಎಂದೂ ಬತ್ತದ ತಂಬಿಗೆ ಇದೆ. ಬಗ್ಗಿಸಿ ನೀರು ಚೆಲ್ಲಿ, ಖಾಲಿ ಅಂತ ತೋರಿಸಿ ಇಟ್ಟರೆ ಮತ್ತೆ ತುಂಬಿರುತ್ತದೆ. ಅದಕ್ಕೆ ಎರಡು ಗೋಡೆ, ನಡುವೆ ನೀರು. ಕುತ್ತಿಗೆಯ ಹತ್ತಿರ ಸಾಸಿವೆಯಷ್ಟು ತೂತು. ಹೆಬ್ಬೆರಳಿನಿಂದ ತೂತು ಮುಚ್ಚಿದರೆ ನಡುವಿನ ನೀರು ಅಲ್ಲಾಡುವುದಿಲ್ಲ, ಬೆರಳು ಎತ್ತಿದರೆ ಒಳಗೆ ಇಳಿಯುತ್ತದೆ. ಬೆರಳಿಗೆ ತೊಡುವ ತಗಡಿನ ಹೆಬ್ಬೆರಳೂ ಇದೆ, ಮೈಬಣ್ಣ ಬಳಿದದ್ದು. ಅದರೊಳಗೆ ಒಂದು ರೇಷ್ಮೆ ಕರವಸ್ತ್ರ ಹಿಡಿಯುತ್ತದೆ. ಪೆಟ್ಟಿಗೆಗಳ ಒಳಮೈಗೆ ನಬಿಸಾಬ ದೀಪದ ಕಾಡಿಗೆ ಕಲಸಿದ ಕರಿಬಣ್ಣ ಹಚ್ಚುತ್ತಾನೆ, ಹೊಳಪಿಲ್ಲದ್ದು. ಕರಿಯದರೊಳಗೆ ತಳ ಎಷ್ಟು ಆಳ ಇದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಉಳಿದದ್ದು ಆಡುವವನ ಕೈಗೆ ಬಿಟ್ಟದ್ದು. ಅವನು ಬಲಗೈ ನೋಡಿದರೆ ಮಂದಿಯೂ ಬಲಗೈ ನೋಡುತ್ತಾರೆ. ಅಷ್ಟರೊಳಗೆ ಎಡಗೈ ತನ್ನ ಕೆಲಸ ಮುಗಿಸಿರುತ್ತದೆ.

ಇದೆಲ್ಲ ನನಗೆ ಹೇಗೆ ಗೊತ್ತು ಅಂದರೆ, ಮೂವತ್ತು ವರ್ಷದ ಹಿಂದೆ ನಾವು ಸಂಘದವರು ಊರೂರಿಗೆ ಹೋಗಿ ಪವಾಡ ಬಯಲು ಮಾಡುತ್ತಿದ್ದೆವು. ಒಂದು ಜೀಪು, ಒಂದು ಡೊಳ್ಳು, ಗಂಟಲು ಹರಿಯುವಷ್ಟು ಭಾಷಣ. ನಬಿಸಾಬನನ್ನು ಜೊತೆಗೆ ಕರೆದೊಯ್ಯುತ್ತಿದ್ದೆವು. ಗಾಳಿಯಲ್ಲಿ ಬೂದಿ ತೆಗೆಯುವುದು, ನಾಲಿಗೆಯ ಮೇಲೆ ಕರ್ಪೂರ ಉರಿಸುವುದು, ತನ್ನ ಬಳಿಯೇ ಇಟ್ಟುಕೊಂಡಿದ್ದ ತಂಬಿಗೆ, ಹೆಬ್ಬೆರಳಿನ ಆಟ, ಇವನ್ನೆಲ್ಲ ಮಾಡಿ ಗುಟ್ಟನ್ನೂ ಹೇಳುತ್ತಿದ್ದ. ತಾನು ಮಾಡಿ ಮಾರಿದ ಡಬ್ಬಿಗಳ ಗುಟ್ಟು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಅವನ ಉಸ್ತಾದ ಮಹಮ್ಮದಗೌಸ ಹಾಕಿಕೊಟ್ಟ ಕಟ್ಟು ಅದು. ಡಬ್ಬಿ ಕೊಡುವಾಗ ಕೊಳ್ಳುವವನ ಅಂಗೈ ಮೇಲೆ ತನ್ನ ಅಂಗೈ ಬೋರಲು ಇಟ್ಟು, "ಡಬ್ಬಿ ಜೋಡಿ ನನ್ನ ಬಾಯಿನೂ ಮಾರೇನಿ" ಎಂದು ಹೇಳಬೇಕು. ಅಲ್ಲಿಂದ ಮುಂದೆ ಆ ಡಬ್ಬಿಯ ಗುಟ್ಟು ಕೊಂಡವನದು. ಹೆಂಡತಿ ಮಕ್ಕಳಿಗೂ ಹೇಳುವಂತಿಲ್ಲ.

ನಾವು ಅವನನ್ನು ಅರ್ಧ ಕ್ರಾಂತಿಕಾರಿ ಅಂತ ಚೇಷ್ಟೆ ಮಾಡುತ್ತಿದ್ದೆವು. ಅವನು ತಲೆಬಿಸಿ ಮಾಡಿಕೊಳ್ಳುತ್ತಿರಲಿಲ್ಲ. "ನೀವು ಪೂರಾ ಕ್ರಾಂತಿ ಮಾಡ್ರಿ ಅಣ್ಣಾರ, ಅರ್ಧ ನನಗ ಬಿಡ್ರಿ. ಹೊಟ್ಟಿಗೆ ಬೇಕು" ಎನ್ನುತ್ತಿದ್ದ.

ಹೋದ ವರ್ಷ ಬೇಸಿಗೆಯಲ್ಲಿ, ಜಾಥಾದ ಕಾಲದ ನನ್ನ ತಗಡಿನ ತುತ್ತೂರಿಗೆ ಬೆಸುಗೆ ಹಾಕಿಸಲು ಅವನ ಅಂಗಡಿಯಲ್ಲಿ ಕೂತಿದ್ದೆ. ಅವನ ಮಗಳು ಅಫ್ರೀನ್ ಬಂದಳು. ಹಾವೇರಿಯ ಒಂದು ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದು. ಮುಖ ಗಂಟು ಹಾಕಿಕೊಂಡಿದ್ದಳು.

"ಅಬ್ಬಾ, ಫುಪ್ಪು ಗುಳಿಗಿ ಬಿಟ್ಟು ಎರಡು ತಿಂಗಳಾತಂತ."

ಫುಪ್ಪು ಅಂದರೆ ಸೋದರತ್ತೆ, ನಬಿಸಾಬನ ಅಕ್ಕ ಜೈತೂನಬಿ. ಕುಪ್ಪೇಲೂರಿನಲ್ಲಿರುತ್ತಾಳೆ. ನಬಿಸಾಬ ಆರು ವರ್ಷದವನಿದ್ದಾಗ ತಾಯಿ ಸತ್ತಳು. ಸಾಕಿದವಳು ಈ ಅಕ್ಕ. ಹನ್ನೆರಡು ವರ್ಷದಿಂದ ಅವಳಿಗೆ ಶುಗರ್ ಇತ್ತು. ಈಗ ಎಡಗಾಲಿನ ಕಿರುಬೆರಳಿಗೆ ಗಾಯವಾಗಿ ಕಪ್ಪಾಗಿತ್ತು. ಶುಗರ್ ಇಳಿಯದಿದ್ದರೆ ಬೆರಳಲ್ಲ, ಪಾದವೇ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು.

"ಯಾಕ ಬಿಟ್ಟಾಳ?"

"ಬ್ಯಾಡಗಿ ರೋಡಿನ ಮ್ಯಾಲೆ ಒಬ್ಬ ಅಜ್ಜ ಕುಂತಾನಂತ. ಗುಳಿಗಿ ಇಸಕೊಂಡು ಡಬ್ಬಿಯಾಗ ಹಾಕಿ ಹೂವು ಮಾಡಿ ಕೊಡ್ತಾನಂತ. ರೋಗ ಹೂವಾತು, ಇನ್ನ ಗುಳಿಗಿ ಮುಟ್ಟಬ್ಯಾಡ ಅಂದಾನ. ನೋಡಿಲ್ಲೆ, ವಿಡಿಯೋ ಬಂದೈತಿ."

ಅವಳು ಮೊಬೈಲು ನನ್ನ ಮುಂದೆ ಹಿಡಿದಳು. ತಲೆಗೆ ಹಸಿರು ರುಮಾಲು, ಕೊರಳಿಗೆ ರುದ್ರಾಕ್ಷಿ. ಎರಡೂ ಕಡೆಯ ಗಿರಾಕಿ ಬರಲಿ ಎಂಬ ಲೆಕ್ಕ. ಗುಳಿಗೆ ಹಾಕಿದ, ಮುಚ್ಚಳ ಹಾಕಿದ, ಕಣ್ಣು ಮುಚ್ಚಿದ, ಕೆಮ್ಮಿದ, ತೆಗೆದ. ಡಬ್ಬಿಯ ತುಂಬ ಗುಲಾಬಿ ಪಕಳೆ.

ನಬಿಸಾಬ ಬೆನ್ನು ತಿರುಗಿಸಿ ಬೆಸುಗೆ ಹಾಕುತ್ತಿದ್ದ. ಮೊಬೈಲಿನತ್ತ ನೋಡಲೇ ಇಲ್ಲ. "ಇನ್ನೊಮ್ಮೆ ಹಚ್ಚು" ಎಂದ. ಹಚ್ಚಿದಳು. ಕೆಮ್ಮು ಬಂದಾಗ ಅವನ ಕೈ ನಿಂತಿತು.

"ಕೆಮ್ಮು ಎಲ್ಲಾರಿಗೂ ಬರ್ತೈತಿ" ಎಂದೆ ನಾನು.

"ಇದು ನಾ ಕಲಿಸಿದ ಕೆಮ್ಮರಿ ಅಣ್ಣಾರ."

ಐದು ವರ್ಷದ ಹಿಂದೆ ಬಸ್ ಸ್ಟ್ಯಾಂಡಿನಲ್ಲಿ ಹಲ್ಲುಪುಡಿ ಮಾರುತ್ತಿದ್ದವನೊಬ್ಬ ಮಂದಿ ಸೇರಿಸಲು ಬೇಕು ಎಂದು ಒಂದು ಡಬ್ಬಿ ಮಾಡಿಸಿಕೊಂಡಿದ್ದ. ಅದನ್ನು ಮಾಡುವಾಗ ನಬಿಸಾಬ ಒಂದು ತಪ್ಪು ಮಾಡಿದ. ಬೆಸುಗೆ ಹರಿದು ಒಳ ಅಂಚಿಗೆ ಒಂದು ಹನಿ ಕೂತಿತು. ಮುಚ್ಚಳ ತಿರುಗಿಸಿದರೆ ಟಕ್ ಎಂಬ ಸದ್ದು. ಅರ ಹಚ್ಚಿ ತಿಕ್ಕಿ, ಜೇನುಮೇಣ ಸವರಿ ಕೊಡಬೇಕಿತ್ತು. ಗಿರಾಕಿಗೆ ಬಸ್ಸಿನ ಅವಸರ, ಇವನಿಗೆ ನಮಾಜಿನ ಹೊತ್ತು. "ಮುಚ್ಚಳ ತಿರುವೂ ಮುಂದ ಜೋರಾಗಿ ಕೆಮ್ಮು, ಸಪ್ಪಳ ಮುಚ್ಚಿ ಹೋಗ್ತೈತಿ" ಎಂದು ಹೇಳಿ ಕಳಿಸಿದ್ದ. ಈಗ ಆ ಕೆಮ್ಮಿಗೇ ಭಕ್ತರು ಹುಟ್ಟಿದ್ದರು. ಅಜ್ಜ ಕೆಮ್ಮಿದಾಗ ರೋಗ ಹೊರಗೆ ಬರುತ್ತದಂತೆ. ವಿಡಿಯೋದಲ್ಲಿ ಹಿಂದೆ ಕೂತವರೂ ಕೆಮ್ಮುತ್ತಿದ್ದರು.

ನಾನು ನನ್ನ ಚಟ ಬಿಡಲಿಲ್ಲ. "ನಡಿ, ಅಲ್ಲೇ ಹೋಗಿ ಬಯಲು ಮಾಡೋಣು. ತುತ್ತೂರಿ ಐತಿ, ಹುಡುಗರನ್ನ ಕರಸ್ತೇನಿ."

"ನೀವು ಒದರಿದರ ನಮ್ಮ ಆಪಾ ಇನ್ನೂ ಎರಡು ಗುಳಿಗಿ ಹೆಚ್ಚಿಗಿ ಒಯ್ದು ಅವನ ಡಬ್ಬಿಗೆ ಹಾಕ್ತಾಳ" ಎಂದ ನಬಿಸಾಬ. ಆಪಾ ಅಂದರೆ ಅಕ್ಕ.

ಸಿಟ್ಟು ಬಂತು, ಆದರೆ ಮಾತು ಸುಳ್ಳಾಗಿರಲಿಲ್ಲ. ಇಪ್ಪತ್ತು ವರ್ಷ ಒದರಿದ್ದೇವೆ. ಮಂದಿ ಚಪ್ಪಾಳೆ ಹೊಡೆದರು, ನಮ್ಮ ಜೀಪಿನ ಧೂಳು ಇಳಿಯುವ ಮುಂಚೆ ಅದೇ ಸ್ವಾಮಿಯ ಮುಂದೆ ಕೂತರು. ಬಯಲು ಮಾಡಿದ್ದೇವೆ ಎಂದು ನಾವು ನಂಬಿದ್ದೆವು.

ಮರುದಿನ ಮೂವರೂ ಕುಪ್ಪೇಲೂರಿನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಬಿಸಾಬ ಕಿಟಕಿ ನೋಡುತ್ತ ಕೂತಿದ್ದ. ಉಸ್ತಾದನಿಗೆ ಕೊಟ್ಟ ಮಾತು ಮುರಿಯುವವನಿದ್ದ. ಕೈಚೀಲದಲ್ಲಿ ಅಂಥದೇ ಇನ್ನೊಂದು ಡಬ್ಬಿ ಇತ್ತು, ಅಂಚು ಇನ್ನೂ ತಿಕ್ಕಿರದ್ದು.

ಜೈತೂನಬಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಗಾಯಕ್ಕೆ ಸುತ್ತಿದ ಬಟ್ಟೆಯ ಮೇಲೆ ನೊಣ ಕೂರುತ್ತಿತ್ತು. ನಮ್ಮನ್ನು ನೋಡಿ ತಮ್ಮನಿಗೆ ಹೇಳಿದಳು, "ಸಂಘದಾವ್ರನ್ನ ಯಾಕ ಕರಕೊಂಡ ಬಂದಿ? ನನ್ನ ಕಾಲಿನ ಮ್ಯಾಲೆ ಭಾಷಣ ಮಾಡಸ್ತಿಯೇನು?"

ನಬಿಸಾಬ ಡಬ್ಬಿ ತೆಗೆದ. ಅವಳದೇ ಗುಳಿಗೆ ಹಾಕಿ ಪಕಳೆ ಮಾಡಿ ತೋರಿಸಿದ. ಆಮೇಲೆ ಎಲ್ಲ ಬಿಚ್ಚಿ ಹೇಳಿದ. ಮುಚ್ಚಳದೊಳಗೆ ಇನ್ನೊಂದು ತಟ್ಟೆ ಬಿಗಿಯಾಗಿ ಕೂತಿರುತ್ತದೆ, ಹೂವು ಮೊದಲೇ ಅದರಲ್ಲಿರುತ್ತದೆ. ಮುಚ್ಚಳ ಒತ್ತಿ ಕಾಲು ಸುತ್ತು ತಿರುಗಿಸಿದರೆ ತಟ್ಟೆ ಕಳಚಿ ಡಬ್ಬಿಯೊಳಗೆ ಕೂರುತ್ತದೆ. ಗುಳಿಗೆ ಎಲ್ಲಿಗೂ ಹೋಗುವುದಿಲ್ಲ, ತಟ್ಟೆಯ ಕೆಳಗೇ ಇರುತ್ತದೆ. ಎಂದೂ ಯಾರಿಗೂ ಹೇಳದ್ದನ್ನು ಹೇಳುತ್ತ ಅವನ ಕಿವಿಗಳು ಕೆಂಪಾಗಿದ್ದವು.

ಜೈತೂನಬಿ ಪೂರಾ ಕೇಳಿದಳು. "ಚೊಲೋ ಮಾಡೀದಿ" ಎಂದಳು. "ನಿಂದು ತಗಡಿನ ಆಟ. ಸಣ್ಣಾಂವ ಇದ್ದಾಗಿಂದ ನೋಡೇನಿ. ಅಜ್ಜಂದು ಬ್ಯಾರೆ."

"ಆಪಾ, ಆ ಡಬ್ಬಿ ಮಾಡಿದಾಂವ ನಾನ."

"ಡಬ್ಬಿ ನೀ ಮಾಡಿರಬಹುದು. ಹೂವು ಮಾಡಾಂವ ಅಜ್ಜ."

ನಬಿಸಾಬ ಹೊರಗೆ ಬಂದು ಕಟ್ಟೆಯ ಮೇಲೆ ಕೂತ. ನಾನೂ ಕೂತೆ. ಬಾಯಿ ಮಾರಿದ ಮಾತು ಹೋಯಿತು, ಅಕ್ಕನ ಕಾಲಿಗೆ ಅದರಿಂದ ಏನೂ ಆಗಲಿಲ್ಲ. ಅವನು ಹೇಳಿದ, "ಉಸ್ತಾದ ನನಗ ಒಂದೂ ಗುಟ್ಟು ಬಾಯಿಲೆ ಹೇಳಿಲ್ಲರಿ ಅಣ್ಣಾರ. ಕೈಯಾಗ ಕೊಡತಿದ್ದ. ಎಂಟು ದಿನ ತಿರುವು ಅನ್ನತಿದ್ದ. ಕಣ್ಣು ಸುಳ್ಳು ಹೇಳ್ತೈತಿ, ಕಿವಿ ಮರೀತೈತಿ, ಕೈಗೆ ಎರಡೂ ಬರೂದಿಲ್ಲ."

ಒಳಗೆ ಹೋಗಿ ಡಬ್ಬಿಯನ್ನು ಅಕ್ಕನ ತೊಡೆಯ ಮೇಲಿಟ್ಟ. "ನಾ ಇಲ್ಲೇ ಇರತೇನಿ. ನೀನ ಮಾಡು."

"ಮುದುಕಿಗೆ ಜಾದೂ ಕಲಸ್ತೀಯೇನು?"

"ಸಣ್ಣಾಂವ ಇದ್ದಾಗ ನನಗ ಗುಂಡಿ ಹಚ್ಚೂದು ಕಲಿಸಿದಿಲ್ಲ? ಈಗ ನಂದು ಪಾಳಿ."

ಅಫ್ರೀನ್ ಗಾಯ ತೊಳೆದು ಹೊಸ ಪಟ್ಟಿ ಕಟ್ಟಿದಳು. ಜೈತೂನಬಿ ಮೊದಲ ದಿನ ಮುಚ್ಚಳ ಎತ್ತಿದಾಗಲೆಲ್ಲ ತಟ್ಟೆ ಓರೆಯಾಗಿ ಬಿತ್ತು, ಇಲ್ಲವೇ ಬೀಳಲೇ ಇಲ್ಲ. ಬೈದಳು. "ಇದು ನಿನ್ನ ಕೈಗೆ ಹೊಂದೇತಿ, ನನ್ನ ಕೈಗಲ್ಲ." ನಬಿಸಾಬ ತಟ್ಟೆಯನ್ನು ಮತ್ತೆ ಮುಚ್ಚಳಕ್ಕೆ ಕೂರಿಸಿ ಕೊಟ್ಟ. ಅವಳು ಹಠಮಾರಿ ಹೆಂಗಸು, ಬಾರದ ಕೆಲಸವನ್ನು ಬಿಟ್ಟು ಏಳುವವಳಲ್ಲ. ಎರಡನೆಯ ದಿನ ರೊಟ್ಟಿ ಬಡಿದು ಮುಗಿಸಿ ಮತ್ತೆ ಕೂತಳು. ಮಧ್ಯಾಹ್ನದ ಹೊತ್ತಿಗೆ ಕೈ ಕೂಡಿತು. ಗುಳಿಗೆ ಹಾಕಿದಳು, ಮುಚ್ಚಿದಳು, ತಿರುವಿದಳು, ತೆಗೆದಳು. ಪಕಳೆ. ಇನ್ನೊಮ್ಮೆ. ಮತ್ತೆ ಪಕಳೆ. ಮೂರನೆಯ ಸಲ ಟಕ್ ಎಂದು ಸದ್ದಾಯಿತು. ಅವಳಿಗೆ ಗೊತ್ತಾಗುವ ಮುಂಚೆಯೇ ಅವಳ ಗಂಟಲು ಅಜ್ಜನ ಹಾಗೆಯೇ ಕೆಮ್ಮಿತು.

ಕೆಮ್ಮಿದ ಮೇಲೆ ಡಬ್ಬಿಯನ್ನು ಹಾಗೇ ಹಿಡಿದುಕೊಂಡು ಕೂತಳು. ತಟ್ಟೆ ಎತ್ತಿ ಕೆಳಗಿನ ಗುಳಿಗೆ ನೋಡಿದಳು.

"ಗುರುವಾರ ಅಲ್ಲಿಗೆ ಹೋಗೂಣು" ಎಂದಳು.

ಗುರುವಾರ ಅಜ್ಜನ ತಗಡಿನ ಚಪ್ಪರದ ಕೆಳಗೆ ಅರವತ್ತು ಎಪ್ಪತ್ತು ಜನ ಇದ್ದರು, ಹೆಂಗಸರೇ ಹೆಚ್ಚು. ನಬಿಸಾಬ ರಸ್ತೆಯ ಆಚೆ ಚಹಾದಂಗಡಿಯಲ್ಲಿ ನಿಂತ. ನನಗೂ ಒಳಗೆ ಹೋಗಬೇಡಿ ಎಂದ. ನಾನು ತುತ್ತೂರಿ ತಂದಿರಲಿಲ್ಲ. ಇಂಥ ಜಾಗಕ್ಕೆ ಬರಿಗೈಲಿ ಹೋದದ್ದು ಅದೇ ಮೊದಲು. ಅಲ್ಲಿಂದ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು.

ಜೈತೂನಬಿಯ ಪಾಳಿ ಬಂತು. ಗುಳಿಗೆ ಕೊಟ್ಟಳು. ಅಜ್ಜ ಡಬ್ಬಿಗೆ ಹಾಕಿ ಮುಚ್ಚಳ ಕೈಗೆತ್ತಿಕೊಂಡ.

"ಅಜ್ಜಾ, ಮುಚ್ಚಳ ಇತ್ತಾಗ ಕೊಡು. ಇವತ್ತ ನಾ ಹಾಕ್ತೇನಿ."

"ಅದನ್ನ ಮುಟ್ಟಬಾರದವ್ವಾ."

"ಯಾಕ? ಜಳಕಾ ಮಾಡಿ ಬಂದೇನಿ. ರೋಗ ನಂದು, ಗುಳಿಗಿ ನಂದು. ಮುಚ್ಚಳ ಹಾಕಾಕ ನಿನ್ನ ಕೈಯ ಯಾಕ ಬೇಕು?"

ಅವಳ ದನಿಯಲ್ಲಿ ಜಗಳ ಇರಲಿಲ್ಲ. ಒಲೆಯ ಮೇಲಿನ ಗಡಿಗೆಗೆ ಮುಚ್ಚಳ ಕೇಳಿದ ಹಾಗೆ ಕೇಳಿದ್ದಳು. ಅಜ್ಜ ಮುಚ್ಚಳವನ್ನು ಎದೆಗೆ ಅವುಚಿಕೊಂಡ. ಮಂದಿ ಇಷ್ಟು ದಿನ ಡಬ್ಬಿ ನೋಡಿದ್ದರು, ಅವನ ಕಣ್ಣು ನೋಡಿದ್ದರು. ಈಗ ಮೊದಲ ಸಲ ಮುಚ್ಚಳ ನೋಡಿದರು. ಹಿಂದೆ ಕೂತಿದ್ದ ಒಬ್ಬಳು, "ಕೊಡು ಅಜ್ಜಾ, ಆಕಿ ಏನ್ ಒಯ್ತಾಳೇನು" ಎಂದಳು. ಅವನು ಕೊಡಲಿಲ್ಲ. ಜೈತೂನಬಿ ಡಬ್ಬಿಗೆ ಕೈ ಹಾಕಿ ತನ್ನ ಗುಳಿಗೆ ಆರಿಸಿ ಸೆರಗಿಗೆ ಕಟ್ಟಿಕೊಂಡಳು, ಕುಂಟುತ್ತ ರಸ್ತೆ ದಾಟಿದಳು. ಚಹಾದಂಗಡಿಯವನಿಗೆ, "ಒಂದ ವಾಟಿ ನೀರ ಕೊಡೋ" ಎಂದು ಕೇಳಿ, ಅಲ್ಲೇ ನಿಂತು ಒಂದನ್ನು ನುಂಗಿದಳು. ಅವಳ ಹಿಂದೆ ಏಳೆಂಟು ಹೆಂಗಸರು ಎದ್ದರು. ಉಳಿದವರು ಕೂತೇ ಇದ್ದರು. ಎಲ್ಲರೂ ಎದ್ದರು ಎಂದು ಬರೆದರೆ ಅದು ನಮ್ಮ ಹಳೆಯ ಕರಪತ್ರವಾಗುತ್ತದೆ.

ಹಾವೇರಿಯಲ್ಲಿ ಜೈತೂನಬಿಯ ಕಿರುಬೆರಳು ತೆಗೆದರು. ಎರಡು ತಿಂಗಳು ಗುಳಿಗೆ ಬಿಟ್ಟದ್ದರ ಬೆಲೆ ಅದು. ಪಾದ ಉಳಿಯಿತು.

ಅಜ್ಜ ಒಂದು ದಿನ ನಬಿಸಾಬನ ಅಂಗಡಿಗೆ ಬಂದ. ರುಮಾಲು ರುದ್ರಾಕ್ಷಿ ಎರಡೂ ಇರಲಿಲ್ಲ. "ಬಾಯಿ ಮಾರೇನಿ ಅಂದಿದ್ದಿ" ಎಂದ.

"ಅಂದಿದ್ದೆ. ಮಾತು ತಪ್ಪೇನಿ, ಇಲ್ಲ ಅನ್ನೂದಿಲ್ಲ" ಎಂದ ನಬಿಸಾಬ. "ಡಬ್ಬಿ ಇಲ್ಲೆ ಕೊಡು, ಅಂಚು ತಿಕ್ಕಿಕೊಡ್ತೇನಿ. ಕೆಮ್ಮೂ ಬೇಕಾಗೂದಿಲ್ಲ. ಬಸ್ ಸ್ಟ್ಯಾಂಡಿನಾಗ ಆಡು, ಹಲ್ಲುಪುಡಿ ಮಾರು. ನಾನೂ ಒಂದು ಪುಡಿಕಿ ತಗೋತೇನಿ."

ಅವನು ಡಬ್ಬಿ ಕೊಡಲಿಲ್ಲ. ಈಗ ಬೇರೆ ಯಾವುದೋ ರಸ್ತೆಯಲ್ಲಿ ಕೂತಿದ್ದಾನೆ ಎಂದು ಸುದ್ದಿ. ನಬಿಸಾಬ ಮುಚ್ಚಳದ ಡಬ್ಬಿ ಮಾಡುವುದನ್ನು ಬಿಟ್ಟಿಲ್ಲ. ಆದರೆ ಕೊಡುವಾಗ ಅಂಗೈ ಮೇಲೆ ಅಂಗೈ ಇಡುವುದಿಲ್ಲ. "ಆಡಿದ ಮ್ಯಾಲೆ ಯಾರರೆ ಮುಚ್ಚಳ ಕೇಳಿದರ ಕೊಡಬೇಕು. ಒಪ್ಪಿಗಿದ್ರ ಒಯ್ಯಿ" ಎನ್ನುತ್ತಾನೆ. ಗಿರಾಕಿ ಅರ್ಧಕ್ಕೆ ಇಳಿದಿದ್ದಾರೆ. ಹೊಸರಿತ್ತಿಯ ಕಡೆಯ ಶಾಲೆಗಳಲ್ಲಿ ಆಟ ತೋರಿಸಿ, ಆಮೇಲೆ ಡಬ್ಬಿಯನ್ನು ಮಕ್ಕಳ ಕೈಗೇ ಕೊಟ್ಟು ಬಿಡುತ್ತಾನೆ.

ಮೊನ್ನೆ ಕುಪ್ಪೇಲೂರಿಗೆ ಹೋಗಿದ್ದೆ. ಜೈತೂನಬಿ ಗೂಡಿನಿಂದ ತಮ್ಮ ಕೊಟ್ಟ ಡಬ್ಬಿ ಇಳಿಸಿದಳು. ಒಳಗೆ ಒಣಗಿದ ಪಕಳೆ.

"ಗುಳಿಗಿ ಎಲ್ಲಿ ಹೋದುವು, ಹೇಳ್ರಿ ಸಂಘದಾವ್ರ" ಎಂದಳು.

ನನಗೆ ಗೊತ್ತಿತ್ತು. ಆದರೂ ಕಣ್ಣು ಪಕಳೆಯ ಮೇಲೇ ನಿಂತಿತು. ಅವಳು ಬೇಕೆಂದೇ ಒಂದು ಸಲ ಕೆಮ್ಮಿದಳು. ತಟ್ಟೆ ಎತ್ತಿ ಕೆಳಗಿನಿಂದ ಒಂದು ಗುಳಿಗೆ ತೆಗೆದು ನುಂಗಿ, ನೀರು ಕುಡಿದಳು. ಡಬ್ಬಿ ಮುಚ್ಚಿ ಗೂಡಿಗೆ ಇಟ್ಟು, ಚಹಾಕ್ಕೆ ನೀರು ಇಡಲು ಒಳಗೆ ಹೋದಳು.