ಅರ್ಧ ರೊಟ್ಟಿ ಅದರಲ್ಲಿ, ಅರ್ಧ ಇದರಲ್ಲಿ

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಮಿಕ್ಸಿ, ಒವನ್ನುಗಳ ಅಂಗಡಿ ಇಟ್ಟಿದ್ದ ವಜೀರ್ ಸಾಬರು, ಮನೆಯಿಂದ ತಂಗಳು ತಾರದ ಗಿರಾಕಿಗೆ ಒವನ್ ಮಾರುತ್ತಲೇ ಇರಲಿಲ್ಲ. ದೇವನೂರಿನಿಂದ ಬರಿಗೈಯಲ್ಲಿ ಬಂದ ಪಾಪಮ್ಮನನ್ನೂ ರೊಟ್ಟಿ ತರಲು ವಾಪಸ್ ಬಸ್ ಹತ್ತಿಸಿದ್ದರು. "ಒವನ್ ತಗಳಕ್ ಬಂದ್ರೆ ಹೆಣ್ಣು ನೋಡೋ ಶಾಸ್ತ್ರ ಮಾಡ್ತೀರಲ್ಲ ಸಾಬ್ರೇ!" ಎಂದು ಆಕೆ ರೇಗಿದ್ದಳು. ಗಿರಾಕಿ ತಂದ ರೊಟ್ಟಿಯಲ್ಲಿ ಸಾಬರು ಅರ್ಧವನ್ನು ಮೈಕ್ರೋವೇವಿಗೆ, ಅರ್ಧವನ್ನು ಬಿಸಿಗಾಳಿಯಲ್ಲಿ ಬೇಯಿಸುವ ಕನ್ವೆಕ್ಷನ್ ಒವನ್ನಿಗೆ ಇಡುತ್ತಿದ್ದರು. ಮೊದಲನೆಯದು ನಿಮಿಷದೊಳಗೆ ಕೆಲಸ ಮುಗಿಸಿ ಕೂಗುತ್ತಿತ್ತು. ಎರಡನೆಯದು ಕಾಯುವಷ್ಟರಲ್ಲಿ ಗಿರಾಕಿ ಎದ್ದರೆ, "ಕೂತ್ಕಳ್ರೀ, ರೈಲೇನು ಹೋಗ್ತದಾ?" ಎಂದು ಗದರುತ್ತಿದ್ದರು. ಅನ್ನ ಸಾರಿಗೆ ಮೈಕ್ರೋವೇವ್ ಸಾಕು, ರೊಟ್ಟಿ ಮಾತ್ರ ಅದರಲ್ಲಿ ಚಕ್ಕಳವಾಗುತ್ತದೆ, ಗರಿಗರಿ ಬೇಕಾದವರು ಹತ್ತು ನಿಮಿಷ ಕಾಯಬೇಕು ಎನ್ನುವುದು ಅವರ ತೀರ್ಪು. ಆದರೂ ಗಿರಾಕಿಯ ಮನೆಯ ರೊಟ್ಟಿಯನ್ನು ತಾವೇ ತಿಂದು ನೋಡದೆ ಆ ತೀರ್ಪು ಕೊಡುತ್ತಿರಲಿಲ್ಲ. ಬದುಕಿನ ಕಡೆಯ ವರ್ಷ ಗಂಟಲಿನ ಕ್ಯಾನ್ಸರಿಗೆ ಕೊಟ್ಟ ಚಿಕಿತ್ಸೆ ನಾಲಿಗೆಯ ರುಚಿಯನ್ನೇ ಒಯ್ದಿತು, ಗಂಜಿಯೊಂದೇ ಒಳಗಿಳಿಯುತ್ತಿತ್ತು. ಪರೀಕ್ಷೆ ನಿಲ್ಲಲಿಲ್ಲ. ಗೆಳೆಯ ಈರಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎರಡೂ ತುಂಡುಗಳನ್ನು ಅವನ ಬಾಯಿಗಿಟ್ಟು, ಅವನ ಮುಖವನ್ನೇ ನೋಡುತ್ತಿದ್ದರು. ಒಂದು ಮಧ್ಯಾಹ್ನ ಟೀಚರಮ್ಮನೊಬ್ಬರು ಕಾಯುತ್ತಿದ್ದಾಗ, ಸಾಬರು ಕೂತಲ್ಲೇ ಗೋಡೆಗೆ ಒರಗಿದ್ದನ್ನು ಕಂಡ ಈರಣ್ಣ, ಮನೆಗೆ ಹೋಗಿ ಮಲಗಲಿ ಎಂದು ಅಗಿಯದೆಯೇ ನುಂಗಿ, "ಎರಡೂ ಒಂದೇ ಕಣೋ, ಏಳು" ಎಂದುಬಿಟ್ಟ. ಸಾಬರು ಏಳಲಿಲ್ಲ. ಇನ್ನೊಂದು ತುಂಡು ಮುರಿದು ಅವನ ಮುಂದೆ ಹಿಡಿದರು. "ಸರಿಯಾಗಿ ಅಗಿಯೋ. ದಿನಾ ತಿನ್ನೋರು ಅವ್ರು."