ಹಿಪ್ಪುನೇರಳೆ ಕಡ್ಡಿಯ ಮೇಲೆ ನಿಂತ ಗಾಜು

ಮೊನ್ನೆ ದೇವನಹಳ್ಳಿಯ ಗ್ಯಾರೇಜಿನಲ್ಲಿ ನಮ್ಮ ಕಾರಿನ ಬಾಗಿಲಿನ ಒಳಹಲಗೆ ಬಿಚ್ಚಿದಾಗ ಹಳೆಯ ಗ್ರೀಸು, ಧೂಳು, ಬಿಸಿಲಿಗೆ ಕಾದ ರಬ್ಬರು ಎಲ್ಲ ಸೇರಿದ ವಾಸನೆ ಬಂತು. ಗುಂಡಿ ಒತ್ತಿದರೆ ಏರಿಳಿಯಬೇಕಾದ ಗಾಜು ಜಾಡು ತಪ್ಪಿ ಓರೆಯಾಗಿ ನಿಂತಿತ್ತು. ಮೆಕ್ಯಾನಿಕ್ ಅದನ್ನು ಪಟ್ಟಿಯೊಳಗೆ ಕೂರಿಸುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ದೊಡ್ಡಪ್ಪ ನೆನಪಾದ. ಅಪ್ಪನ ಸ್ವಂತ ಅಣ್ಣ. ಸತ್ತವರನ್ನು ಬಹುವಚನದಲ್ಲಿ ಕರೆಯಬೇಕು ಅನ್ನುತ್ತಾರೆ. ಈತನ ವಿಷಯದಲ್ಲಿ ನನಗೆ ಬಾಯಿ ಬರುವುದಿಲ್ಲ.

ಅರವತ್ತರ ದಶಕದ ಕೊನೆಯ ಮಾತು. ಆವತಿಯಲ್ಲಿ ನಮ್ಮದು ಕೂಡು ಕುಟುಂಬ. ಹೊಲದಲ್ಲಿ ದುಡಿಯುತ್ತಿದ್ದವನು ಅಪ್ಪ, ರೇಷ್ಮೆಹುಳಕ್ಕೆ ಸೊಪ್ಪು ಹಾಕಿ ನಿದ್ದೆಗೆಡುತ್ತಿದ್ದವಳು ಅಮ್ಮ, ಯಜಮಾನಿಕೆ ಮಾಡುತ್ತಿದ್ದವನು ದೊಡ್ಡಪ್ಪ. ಗೂಡಿಗೆ ಒಳ್ಳೆಯ ಬೆಲೆ ಸಿಕ್ಕ ಒಂದು ವರ್ಷ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಕಾರೊಂದನ್ನು ತಂದು ಜಗಲಿ ಮುಂದೆ ನಿಲ್ಲಿಸಿದ. ಅಲ್ಲಿಂದಾಚೆಗೆ ಆತನನ್ನು ಹಿಡಿಯುವವರೇ ಇರಲಿಲ್ಲ. ನಾಲ್ಕು ಮನೆ ಆಚೆಗಿದ್ದ ಅಂಗಡಿಗೂ ಕಾರಿನಲ್ಲೇ ಹೋಗುತ್ತಿದ್ದ, ಹೋಗಿ ಬಂದು ಸುಸ್ತಾಯಿತು ಅನ್ನುತ್ತಿದ್ದ.

ನನ್ನ ಮದುವೆ ಇನ್ನೇನು ಬಂತು ಅನ್ನುವಾಗ ಹಿಂಬಾಗಿಲಿನ ಗಾಜು ಜಾಡು ಬಿಟ್ಟು ಒಳಗೆ ಜಾರಿತು. ಆಗಿನ ಕಾರಿಗೆ ಗುಂಡಿ ಎಲ್ಲಿಂದ ಬರಬೇಕು! ಹಿಡಿ ತಿರುಗಿಸಿ ಗಾಜನ್ನು ಏರಿಸಬೇಕು, ಇಳಿಸಬೇಕು. ದೇವನಹಳ್ಳಿಗೆ ಒಯ್ದು ರಿಪೇರಿ ಮಾಡಿಸೋಣ ಎಂದು ಅಪ್ಪ ಹೆದರುತ್ತಲೇ ಹೇಳಿದ.

“ಕಾರು ತಂದೋನ್ಗೆ ಕಿಟಕಿ ಸರಿ ಮಾಡಕ್ ಬರಲ್ವೇನ್ಲಾ?” ಎಂದು ದೊಡ್ಡಪ್ಪ ಗದರಿದ.

ಅಂಗಳದಲ್ಲಿ ಜಮಖಾನ ಹಾಸಿಸಿ, ಅಂಚಿನ ಪಂಚೆ ಎತ್ತಿಕಟ್ಟಿ, ಬಾಗಿಲು ಬಿಚ್ಚಿದ. ಗಾಜಿನ ತಳದ ಪಟ್ಟಿಯಿಂದ ಗಾಲಿಯೊಂದು ಹೊರಬಂದಿತ್ತು, ಅಷ್ಟೆ. ಅದನ್ನು ಒಳಗೆ ತೂರಿಸಲು ಬೆಳಗ್ಗೆಯಿಂದ ಊಟದ ಹೊತ್ತಿನವರೆಗೆ ಹೆಣಗಿದ, ಬೈದ, ಎರಡು ಸಲ ಕಾಫಿ ಕುಡಿದ. ಕೊನೆಗೆ ಅಮ್ಮ ಸೌದೆಗೆಂದು ಒಣಗಿಸಿದ್ದ ಹಿಪ್ಪುನೇರಳೆ ಕಡ್ಡಿಯೊಂದನ್ನು ಮುರಿದು ಗಾಜಿನ ಅಡಿಗೆ ಆನಿಸಿ ನಿಲ್ಲಿಸಿ, ಮೇಲೆ ಹಲಗೆ ಮುಚ್ಚಿಬಿಟ್ಟ. ಒಂದು ಹಿಡಿ ತಿರುಪುಗಳು ಮಿಕ್ಕಿದ್ದವು. “ಕಂಪ್ನಿಯೋರು ದಂಡಕ್ ಹಾಕಿರ್ತಾರೆ” ಎಂದು ಅವನ್ನೂ ಬಾಗಿಲೊಳಗೆ ಸುರಿದ. ಇಂಥವನು ನಮ್ಮ ಮನೆಗೆ ಹಿರಿಯ...

ವರನನ್ನು ಅದೇ ಕಾರಿನಲ್ಲಿ ಚಪ್ಪರದ ಮುಂದಕ್ಕೆ ಕರೆತಂದರು. ನಾನು ಒಳಗಿನ ಕೋಣೆಯ ಕಿಟಕಿಯಿಂದ ನೋಡುತ್ತಿದ್ದೆ. ನಮ್ಮಲ್ಲಿ ಆರತಿಯಾಗುವ ತನಕ ವರ ನೆಲಕ್ಕೆ ಕಾಲಿಡುವಂತಿರಲಿಲ್ಲ. ಎತ್ತಿನ ಗಾಡಿಯಲ್ಲಿ ಬರುತ್ತಿದ್ದಾಗ ಅದು ಸಲೀಸಾಗಿತ್ತು. ಕಾರಿನ ಬಾಗಿಲು ತೆಗೆದು ಆರತಿ ಎತ್ತಿದ್ದರೆ ಈಗಲೂ ಸಲೀಸೇ. ಆದರೆ ದೊಡ್ಡಪ್ಪ ಅಡ್ಡ ಬಂದ. ಬಾಗಿಲು ತೆಗೆದರೆ ಇಳಿದ ಹಾಗೇ ಲೆಕ್ಕವಂತೆ, ಗಾಜು ಇಳಿಸಿಯೇ ಆರತಿಯಾಗಬೇಕಂತೆ. ಆ ಶಾಸ್ತ್ರ ಆ ಗಳಿಗೆಯಲ್ಲಿ ಹುಟ್ಟಿದ್ದು. ಬೀಗರ ಮುಂದೆ ಕಾರಿನ ಗಾಜು ಇಳಿಯುವುದನ್ನು ತೋರಿಸದಿದ್ದರೆ ಆತನಿಗೆ ಅನ್ನ ಸೇರುತ್ತಿರಲಿಲ್ಲ.

ಒಳಗೆ ಕೂತವರು ಹಿಡಿ ತಿರುಗಿಸಿದರು. ಅದು ಗಿರಗಿರನೆ ತಿರುಗಿತು, ಗಾಜು ಅಲುಗಲಿಲ್ಲ. ಆರತಿ ತಟ್ಟೆ ಹಿಡಿದಿದ್ದ ಅಮ್ಮನಿಗೆ ದೊಡ್ಡಪ್ಪ, “ಮೇಲಿಂದ ಒಂಚೂರು ಅದುಮಮ್ಮ, ಇಳೀತದೆ” ಅಂದ. ಗಾಜು ಪೂರ್ತಿ ಮುಚ್ಚಿರಲಿಲ್ಲ, ಮೇಲೆ ಸಂದು ಉಳಿದಿತ್ತು. ಅಮ್ಮ ಬಲಗೈಯ ಬೆರಳುಗಳನ್ನು ಅದರ ಅಂಚಿಗೆ ಇಟ್ಟು ಅದುಮಿದಳು. ಒಳಗೆ ಕಡ್ಡಿ ಲಟಕ್ಕೆಂದಿತು. ಗಾಜು ಧಡಾರನೆ ಕುಸಿದು ಬಾಗಿಲೊಳಗೇ ಪುಡಿಯಾಯಿತು.

“ಎಂಥ ಕೈ ನಿಂದು! ಶುಭಕಾರ್ಯದಲ್ಲಿ ಗಾಜು ಒಡೆದ್ಬಿಟ್ಟೆಯಲ್ಲ!” ಎಂದು ದೊಡ್ಡಪ್ಪ ಊರಿಗೇ ಕೇಳುವಂತೆ ಕೂಗಿದ. ಬೀಗಿತ್ತಿಯರ ಗುಸುಗುಸು ಶುರುವಾಯಿತು. ಅಪ್ಪ ಚಪ್ಪರದ ಕಂಬ ನೋಡುತ್ತಾ ನಿಂತ. ನನ್ನ ಗಂಡನಾಗಲಿದ್ದವರು ತಾವೇ ಬಾಗಿಲು ತೆಗೆದು ಇಳಿದು, “ಆರತಿ ಎತ್ತಿ ಅತ್ತೆ” ಎಂದು ತಲೆಬಾಗಿದ್ದರಿಂದ ಮದುವೆಯೇನೋ ನಡೆಯಿತು. ಅಮ್ಮನಿಗೆ ಮಾತ್ರ ಗಾಜು ಒಡೆದವಳು ಎಂಬ ಹೆಸರು ಉಳಿಯಿತು.

ಮದುವೆಯಾಗಿ ನಾವಿಬ್ಬರೂ ಮೊದಲ ಸಲ ತವರಿಗೆ ಹೋದ ದಿನ ದೇವನಹಳ್ಳಿಯ ಮೆಕ್ಯಾನಿಕ್ ಬಂದು ಹೊಸ ಗಾಜು ಹಾಕುತ್ತಿದ್ದ. ಹಲಗೆ ತೆಗೆದಾಗ ಗಾಜಿನ ಪುಡಿಯ ಜೊತೆ ಎರಡು ತುಂಡಾದ ಕಡ್ಡಿ ಉದುರಿತು. ಇಡೀ ಮನೆ ಅಲ್ಲೇ ಇತ್ತು. ದೊಡ್ಡಪ್ಪ ಬಗ್ಗಿ ಅದನ್ನೆತ್ತಿಕೊಂಡು, ಮುಖದಲ್ಲಿ ಒಂದು ಗೆರೆಯೂ ಅಲುಗದೆ, “ಯಾರ್ಲಾ ಇದನ್ನ ಇದ್ರೊಳಗೆ ಹಾಕಿದ್ದು?” ಎಂದು ಕೇಳಿದ.

ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಬೇಡವೆಂದು ಕಣ್ಣಲ್ಲೇ ತಡೆದಳು. ತಂಗಿ ಇನ್ನೂ ಮದುವೆಗಿದ್ದಳು. ಗಂಡು ಗೊತ್ತು ಮಾಡಬೇಕಾದವನು ಆ ಮನುಷ್ಯನೇ. “ಕೊಡಿ ಭಾವ, ಒಲೆಗಾಯ್ತದೆ” ಎಂದು ಅಮ್ಮ ಕಡ್ಡಿಯನ್ನು ಇಸಿದುಕೊಂಡು ಒಳಗೆ ಹೋದಳು.

ಆತ ಎಪ್ಪತ್ತರ ದಶಕ ಮುಗಿಯುವ ಮುಂಚೆಯೇ ಹೋದ. ಅಮ್ಮ ಎದೆ ಬಡಿದುಕೊಂಡು ಅತ್ತಳು. ನನಗೆ ಒಂದು ಹನಿಯೂ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ದಡ್ಡತನವನ್ನಾದರೂ ಕ್ಷಮಿಸಬಹುದು, ಆ ಪ್ರಶ್ನೆಯನ್ನು ಹೇಗೆ ಕ್ಷಮಿಸಲಿ...

ಕಡೆಗಾಲದಲ್ಲಿ ಅಮ್ಮ ನನ್ನ ಮನೆಯಲ್ಲಿದ್ದಳು. ಮದುವೆಯ ಮಾತು ಬಂದಾಗಲೆಲ್ಲ ಬಲಗೈ ನೋಡಿಕೊಂಡು, “ನಾನು ಆವತ್ತು ಮೆತ್ತಗೆ ಅದುಮ್ಬೇಕಾಗಿತ್ತು ಕಣೇ” ಅನ್ನುತ್ತಿದ್ದಳು. “ಅಮ್ಮ, ಕಡ್ಡಿ ಇಟ್ಟಿದ್ದು ಅವನಲ್ಲವೇ?” ಅಂದರೆ, “ಇರಬೋದು, ಆದ್ರೂ ಕೈ ನಂದೇ ತಾನೆ” ಅನ್ನುತ್ತಿದ್ದಳು.

ಗ್ಯಾರೇಜಿನಿಂದ ಬರುವಾಗ ಇದನ್ನು ಅಮ್ಮನಿಗೆ ಇನ್ನೊಂದು ಸಲ ಬಿಡಿಸಿ ಹೇಳಬೇಕು ಅನ್ನಿಸಿತು. ಅಮ್ಮ ಹೋಗಿ ವರ್ಷವಾಯಿತು. ತಪ್ಪು ತನ್ನದೇ ಅಂದುಕೊಂಡೇ ಹೋದಳು.